ಫೈರ್‌ವಾಲ್ ಕಿಟಕಿ ತೆರೆಯದಿದ್ದರೆ ಗೋಡೆ ಬಿದ್ದಿದೆಯೆಂದಲ್ಲ

ಲಿನಕ್ಸ್ ಕಂಪ್ಯೂಟರನ್ನು ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡಿದ ಮೇಲೆ ಬರುವ ದೂರುಗಳಲ್ಲಿ ಒಂದನ್ನು ಮಾತ್ರ ನಾಳೆಗೆ ಬಿಡಬಾರದು: ಫೈರ್‌ವಾಲ್ ಓಪನ್ ಆಗುತ್ತಿಲ್ಲ ಎಂಬ ದೂರು. ಮೆನುವಿನಲ್ಲಿ ಗುರಾಣಿಯ ಚಿತ್ರ ಇರುತ್ತದೆ. ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟ ಮೇಲೆ ಒಂದು ಕಿಟಕಿ ಕಾಣಿಸಿಕೊಂಡಂತೆ ಮಾಡಿ ಮಾಯವಾಗುತ್ತದೆ. ಕೆಲವೊಮ್ಮೆ ಅಷ್ಟೂ ಆಗುವುದಿಲ್ಲ. ಪ್ರಿಂಟರ್ ಕೈಕೊಟ್ಟರೆ ಅಂಗಡಿಯ ಕೆಲಸ ನಿಲ್ಲುತ್ತದೆ, ಹಾಗಾಗಿ ಯಾರನ್ನಾದರೂ ಕರೆಸುತ್ತೇವೆ. ಫೈರ್‌ವಾಲ್ ಸಾಧನ ಕೈಕೊಟ್ಟರೆ ಯಾವ ಕೆಲಸವೂ ನಿಲ್ಲುವುದಿಲ್ಲ. ಅದಕ್ಕೇ ಕೆಲವರು ಅದನ್ನು ಹಾಗೆಯೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಗಾಬರಿ ಬಿದ್ದು ಇಂಟರ್ನೆಟ್ಟಿನಲ್ಲಿ ಸಿಕ್ಕ ಆದೇಶಗಳನ್ನೆಲ್ಲ ಒಂದರ ಹಿಂದೊಂದು ಅಂಟಿಸಿ ಇದ್ದ ರಕ್ಷಣೆಯನ್ನೂ ಕಳೆದುಕೊಳ್ಳುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಅಪಾಯಕಾರಿ ಎಂದು ನನ್ನ ಅಭಿಪ್ರಾಯ.

ಏಕೆಂದರೆ ಪರದೆಯ ಮೇಲೆ ಕಾಣುವ ಆ ಕಿಟಕಿ ಫೈರ್‌ವಾಲ್ ಅಲ್ಲ, ಫೈರ್‌ವಾಲ್‌ಗೆ ನಿಯಮ ಬರೆದುಕೊಡುವ ಸಾಧನ. ನಿಜವಾದ ತಡೆ ಇರುವುದು ಲಿನಕ್ಸಿನ ತಿರುಳಾದ ಕರ್ನಲ್ ಒಳಗೆ. ಆಸ್ಪತ್ರೆಯ ಆಫೀಸಿನವರು ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಚೀಟಿ ಬರೆದು ಗೇಟಿನ ವಾಚ್‌ಮನ್ ಕೈಗೆ ಕೊಡುತ್ತಾರೆ. ಒಂದು ದಿನ ಆಫೀಸಿನ ಬಾಗಿಲು ತೆರೆಯದಿದ್ದರೂ ವಾಚ್‌ಮನ್ ಹಿಂದಿನ ಚೀಟಿ ಹಿಡಿದುಕೊಂಡು ಗೇಟಿನಲ್ಲೇ ನಿಂತಿರುತ್ತಾನೆ. ಹೊಸ ಹೆಸರು ಸೇರಿಸಲು ಆಗುವುದಿಲ್ಲ, ಹಳೆಯದನ್ನು ತೆಗೆಯಲು ಆಗುವುದಿಲ್ಲ, ಅಷ್ಟೆ. ಈ ವ್ಯತ್ಯಾಸ ತಿಳಿದಿದ್ದರೆ ಅರ್ಧ ಗಾಬರಿ ಅಲ್ಲಿಗೇ ಇಳಿಯುತ್ತದೆ. ಉಳಿದ ಅರ್ಧಕ್ಕೆ ಮದ್ದು, ಕ್ರ್ಯಾಶ್ ಆದ ಪ್ರೋಗ್ರಾಂ ಬಿಟ್ಟುಹೋಗುವ ಕೊನೆಯ ಸಾಲನ್ನು ಓದಲು ಕಲಿಯುವುದು.

ಮಂಗಳೂರಿನ ಕಂಕನಾಡಿಯಂಥ ಪೇಟೆಯಲ್ಲಿ ಈ ವಿಷಯಕ್ಕೆ ಈಗ ವಿಶೇಷ ಮಹತ್ವ ಬಂದಿದೆ. ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧ ಹಂಚುವುದರಿಂದ ಆರಂಭಿಸಿದ ಸಂಸ್ಥೆ ಇಂದು ದೊಡ್ಡ ಆಸ್ಪತ್ರೆ, ವೈದ್ಯಕೀಯ ಕಾಲೇಜು. ಅದರ ಸುತ್ತಮುತ್ತ, ಮಾರ್ಕೆಟ್ ಕಡೆಗೂ ಬೈಪಾಸ್ ರಸ್ತೆಯ ಕಡೆಗೂ, ಮೆಡಿಕಲ್ ಶಾಪ್‌ಗಳು, ಲ್ಯಾಬ್‌ಗಳು, ಜೆರಾಕ್ಸ್ ಅಂಗಡಿಗಳು, ವಿದ್ಯಾರ್ಥಿಗಳ ಹಾಸ್ಟೆಲ್‌ಗಳು. ಇಂಥ ಸಣ್ಣ ಅಂಗಡಿಗಳಲ್ಲಿ ಹತ್ತು ವರ್ಷ ಹಳೆಯ ಕಂಪ್ಯೂಟರ್ ಇನ್ನೂ ಗಟ್ಟಿಯಾಗಿ ಓಡುತ್ತಿರುವುದು ಸಾಮಾನ್ಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಹಳೆಯ ಯಂತ್ರಗಳಲ್ಲಿ ಅದು ಇಲ್ಲ. ಯಂತ್ರ ಎಸೆಯಲು ಮನಸ್ಸಿಲ್ಲದವರಿಗೆ ಉಬುಂಟು, ಮಿಂಟ್‌ನಂಥ ಲಿನಕ್ಸ್ ದೊಡ್ಡ ಆಸರೆ.

ಇಲ್ಲಿಂದ ತೆಂಕಣಕ್ಕೆ, ಕಾಸರಗೋಡಿನಲ್ಲಿ, ಕಥೆ ಇನ್ನೂ ಹಳೆಯದು. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ವರ್ಷಗಳಿಂದ ಲಿನಕ್ಸೇ ಇದೆ. ಹಿಂದೆ ಐಟಿ ಅಟ್ ಸ್ಕೂಲ್ ಎಂದಿದ್ದ, ಈಗ ಕೈಟ್ ಎಂದು ಕರೆಯಲಾಗುವ ಸಂಸ್ಥೆ ಉಬುಂಟುವನ್ನು ಶಾಲೆಗಳಿಗೆ ಹೊಂದಿಸಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಅದರ ಮೇಲೆ. 2019ರಲ್ಲಿ ಉಬುಂಟು 18.04ರ ಆಧಾರದ ಆವೃತ್ತಿ ಬಂತು, ಅನಂತರ 2024ರಲ್ಲಿ 22.04ರ ಆಧಾರದ್ದು. ಹೊರಗಿನಿಂದ ನೋಡುವವರಿಗೆ ಇದು ಬರೀ ಸಂಖ್ಯೆಯ ಬದಲಾವಣೆ. ಆದರೆ 18.04ರಿಂದ 22.04ಕ್ಕೆ ಹೋಗುವಾಗ ಫೈರ್‌ವಾಲ್ ಸಾಧನ ನಿಂತಿರುವ ನೆಲದಲ್ಲಿ ಮೂರು ದೊಡ್ಡ ವಸ್ತುಗಳು ಒಟ್ಟಿಗೇ ಬದಲಾಗುತ್ತವೆ: ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್ 3.6 ಹೋಗಿ 3.10 ಬರುತ್ತದೆ, ಪರದೆಯನ್ನು ಚಿತ್ರಿಸುವ ವ್ಯವಸ್ಥೆ ಎಕ್ಸ್‌ನಿಂದ ವೇಲ್ಯಾಂಡ್‌ಗೆ ಸರಿಯುತ್ತದೆ, ಪ್ಯಾಕೆಟ್ ಸೋಸುವ ಯಂತ್ರ ಐಪಿಟೇಬಲ್ಸ್‌ನಿಂದ ಎನ್‌ಎಫ್‌ಟೇಬಲ್ಸ್‌ಗೆ ಬದಲಾಗುತ್ತದೆ. ಕ್ರ್ಯಾಶ್‌ಗಳ ಹುಟ್ಟೂರು ಈ ಮೂರರಲ್ಲೇ ಹೆಚ್ಚು.

ಕರ್ನಲ್ ಒಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. ಜಾಲದಿಂದ ಬರುವ ಮಾಹಿತಿ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಬರುತ್ತದೆ. ಪ್ರತಿಯೊಂದರ ತಲೆಯ ಮೇಲೂ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಯಾವ ಪೋರ್ಟ್ ಎಂದು ಬರೆದಿರುತ್ತದೆ. ಪೋರ್ಟ್ ಎಂದರೆ ಒಂದು ಸಂಖ್ಯೆ. ಸುರಕ್ಷಿತ ವೆಬ್‌ಪುಟಕ್ಕೆ 443, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ 22, ಲಿನಕ್ಸಿನ ಮುದ್ರಣ ಸೇವೆಗೆ 631, ವಿಂಡೋಸ್ ಶೈಲಿಯ ಕಡತ ಹಂಚಿಕೆಗೆ 445. 2017ರ ಮೇ ತಿಂಗಳಲ್ಲಿ ಜಗತ್ತಿನ ಆಸ್ಪತ್ರೆ, ಕಚೇರಿಗಳನ್ನು ಕಂಗೆಡಿಸಿದ ವಾನ್ನಾಕ್ರೈ ಹಾವಳಿ ವಿಂಡೋಸ್ ಯಂತ್ರಗಳೊಳಗೆ ನುಗ್ಗಿದ್ದು ಈ 445ರ ಮೂಲಕವೇ. ಲಿನಕ್ಸ್ ಕರ್ನಲ್‌ನಲ್ಲಿ ನೆಟ್‌ಫಿಲ್ಟರ್ ಎಂಬ ಚೌಕಟ್ಟು ಇದೆ. ಪ್ಯಾಕೆಟ್ ಯಂತ್ರದೊಳಗೆ ಹಾದುಹೋಗುವ ದಾರಿಯ ಐದು ಕಡೆ ಅದು ತಪಾಸಣೆಗೆ ಅವಕಾಶ ಮಾಡಿಕೊಟ್ಟಿದೆ: ಒಳಬಂದ ಕೂಡಲೇ, ಈ ಯಂತ್ರಕ್ಕೇ ಬಂದದ್ದು ಎಂದು ತಿಳಿದಾಗ, ಬೇರೆಯವರಿಗೆ ದಾಟಿಸುವಾಗ, ಇಲ್ಲಿಂದಲೇ ಹೊರಡುವಾಗ, ಕೊನೆಗೆ ಹೊರಬೀಳುವ ಮುನ್ನ. ಜೊತೆಗೆ ಅದು ನೆನಪನ್ನೂ ಇಟ್ಟುಕೊಳ್ಳುತ್ತದೆ. ನೀವು ಬ್ಯಾಂಕಿನ ವೆಬ್‌ಸೈಟ್ ಕೇಳಿದ್ದೀರಿ ಎಂದು ಗೊತ್ತಿರುವುದರಿಂದ ಬ್ಯಾಂಕಿನ ಉತ್ತರವನ್ನು ಒಳಗೆ ಬಿಡುತ್ತದೆ. ಕೇಳದೆಯೇ ಬಾಗಿಲು ಬಡಿದವರನ್ನು ನಿಯಮ ನೋಡಿ ತಳ್ಳಿಹಾಕುತ್ತದೆ.

ಈ ತಪಾಸಣೆಯ ಯಂತ್ರ ಒಂದೇ ರೂಪದಲ್ಲಿ ಉಳಿದಿಲ್ಲ. ಲಿನಕ್ಸ್ 2.0ರ ಕಾಲದಲ್ಲಿ ಐಪಿಎಫ್‌ಡಬ್ಲ್ಯುಅಡ್ಮ್ ಇತ್ತು, 1999ರಲ್ಲಿ ಬಂದ 2.2ರಲ್ಲಿ ಐಪಿಚೈನ್ಸ್, 2001ರ ಜನವರಿಯ 2.4ರಲ್ಲಿ ಐಪಿಟೇಬಲ್ಸ್. ಇದನ್ನು ಆರಂಭಿಸಿದವರು ಆಸ್ಟ್ರೇಲಿಯಾದ ರಸ್ಟಿ ರಸೆಲ್. ಮುಂದೆ ನೆಟ್‌ಫಿಲ್ಟರ್ ತಂಡವನ್ನು ಮುನ್ನಡೆಸಿದ ಜರ್ಮನಿಯ ಹರಾಲ್ಡ್ ವೆಲ್ಟೆ ಬೆಂಗಳೂರಿನ ಫಾಸ್ ಡಾಟ್ ಇನ್ ಸಮ್ಮೇಳನಕ್ಕೆ ಮತ್ತೆ ಮತ್ತೆ ಬಂದವರು. ನಮ್ಮ ರಾಜ್ಯದ ಎಷ್ಟೋ ಎಂಜಿನಿಯರುಗಳು ಪ್ಯಾಕೆಟ್ ಸೋಸುವ ವಿದ್ಯೆಯನ್ನು ಅದನ್ನು ಬರೆದವರ ಬಾಯಿಂದಲೇ ಕೇಳುವ ಅವಕಾಶ ಪಡೆದರು. ಐಪಿಟೇಬಲ್ಸ್‌ನ ಉತ್ತರಾಧಿಕಾರಿ ಎನ್‌ಎಫ್‌ಟೇಬಲ್ಸ್ 2014ರ ಜನವರಿಯಲ್ಲಿ ಲಿನಕ್ಸ್ 3.13ರೊಂದಿಗೆ ಕರ್ನಲ್ ಸೇರಿತು. ಡೆಬಿಯನ್ 2019ರಲ್ಲಿ ಅದನ್ನೇ ಪೂರ್ವನಿಯೋಜಿತವಾಗಿಸಿತು, ಉಬುಂಟು ಸ್ವಲ್ಪ ತಡವಾಗಿ ಹಿಂಬಾಲಿಸಿತು.

ಐಪಿಟೇಬಲ್ಸ್‌ನ ಭಾಷೆ ಕಠಿಣ. ಅದಕ್ಕೇ ಅದರ ಮೇಲೊಂದು ಸರಳ ಪದರ ಬೇಕಾಯಿತು. ಉಬುಂಟುವಿನ ಜೇಮಿ ಸ್ಟ್ರಾಂಡ್‌ಬೋಜ್ ಬರೆದ ಯುಎಫ್‌ಡಬ್ಲ್ಯು 2008ರ ಏಪ್ರಿಲ್‌ನ 8.04 ಆವೃತ್ತಿಯೊಂದಿಗೆ ಬಂತು. ಅದೂ ಟರ್ಮಿನಲ್‌ನಲ್ಲಿ ಟೈಪ್ ಮಾಡಬೇಕಾದದ್ದೇ. ಟೈಪ್ ಮಾಡಲು ಹಿಂಜರಿಯುವವರಿಗಾಗಿ ಅದರ ಮೇಲೆ ಗುಂಡಿಗಳಿರುವ ಜಿಯುಎಫ್‌ಡಬ್ಲ್ಯು ಬಂತು. ಫೆಡೋರಾ, ರೆಡ್ ಹ್ಯಾಟ್ ಕುಟುಂಬದಲ್ಲಿ ಇದೇ ಕೆಲಸಕ್ಕೆ ಫೈರ್‌ವಾಲ್‌ಡಿ ಇದೆ, ಅದರ ಕಿಟಕಿಯ ಹೆಸರು ಫೈರ್‌ವಾಲ್ ಕಾನ್ಫಿಗ್. ಕೆಳಗಿನಿಂದ ಮೇಲಕ್ಕೆ ಎಣಿಸಿ: ಕರ್ನಲ್, ಐಪಿಟೇಬಲ್ಸ್ ಆದೇಶ, ಯುಎಫ್‌ಡಬ್ಲ್ಯು, ಪೈಥಾನ್, ಕಿಟಕಿ ಬಿಡಿಸುವ ಜಿಟಿಕೆ, ಪಾಸ್‌ವರ್ಡ್ ಕೇಳುವ ಪಾಲ್‌ಕಿಟ್. ಕ್ರ್ಯಾಶ್ ಆಗುವುದು ಬಹುಪಾಲು ಮೇಲಿನ ಮೂರು ಪದರಗಳಲ್ಲಿ. ನಿಮ್ಮನ್ನು ಕಾಯುವುದು ಕೆಳಗಿನ ಪದರ.

ಕಂಕನಾಡಿಯ ಪರಿಚಯದ ಅಂಗಡಿಯೊಂದರಲ್ಲಿ ಕಂಡದ್ದನ್ನು ಹತ್ತಿರದಿಂದ ತೋರಿಸುತ್ತೇನೆ. ಬಿಲ್ಲಿಂಗ್ ಮತ್ತು ಪ್ರಿಂಟಿಂಗಿಗೆ ಒಂದೇ ಲಿನಕ್ಸ್ ಯಂತ್ರ. “ಎಂತದು ಮಾರಾಯ್ರೆ, ಅಪ್‌ಡೇಟ್ ಮಾಡಿದ ಮೇಲೆ ಇದು ಓಪನ್ನೇ ಆಗುದಿಲ್ಲ. ಫೈರ್‌ವಾಲ್ ಹೋಯ್ತಾ ಹೇಗೆ?” ಎಂದು ಅಂಗಡಿಯವರ ಪ್ರಶ್ನೆ. ಕಿಟಕಿಯ ಗೊಡವೆಗೇ ಹೋಗದೆ ಟರ್ಮಿನಲ್ ತೆರೆದೆವು. ಸುಡೊ ಯುಎಫ್‌ಡಬ್ಲ್ಯು ಸ್ಟೇಟಸ್ ವರ್ಬೋಸ್ ಎಂಬ ಆದೇಶ ಕೊಟ್ಟೆವು. (ಆದೇಶಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ.) ಉತ್ತರ ಬಂತು: ಸ್ಥಿತಿ ಸಕ್ರಿಯ, ಒಳಬರುವುದಕ್ಕೆ ತಡೆ, ಹೊರಹೋಗುವುದಕ್ಕೆ ಅನುಮತಿ, 631ಕ್ಕೆ ಅಂಗಡಿಯ ಒಳಜಾಲದಿಂದ ಮಾತ್ರ ಪ್ರವೇಶ. ಅದರ ಮಾತನ್ನೇ ನಂಬಬೇಕಿಲ್ಲ, ಸುಡೊ ಎನ್‌ಎಫ್‌ಟಿ ಲಿಸ್ಟ್ ರೂಲ್‌ಸೆಟ್ ಎಂದರೆ ಕರ್ನಲ್ ತನ್ನ ಕೈಯಲ್ಲಿರುವ ನಿಯಮಗಳನ್ನು ನೇರವಾಗಿ ಉದ್ದಕ್ಕೆ ಹೇಳುತ್ತದೆ. ಹೇಳಿತು. ಫೈರ್‌ವಾಲ್ ಎಲ್ಲಿಗೂ ಹೋಗಿರಲಿಲ್ಲ.

ಆಮೇಲೆ ಜಿಯುಎಫ್‌ಡಬ್ಲ್ಯುವನ್ನು ಮೆನುವಿನಿಂದ ಅಲ್ಲ, ಅದೇ ಟರ್ಮಿನಲ್‌ನಿಂದ ಓಡಿಸಿದೆವು. ಮೆನುವಿನಿಂದ ಓಡಿಸಿದರೆ ಪ್ರೋಗ್ರಾಂ ಸಾಯುವಾಗ ಆಡುವ ಮಾತು ಯಾರಿಗೂ ಕೇಳುವುದಿಲ್ಲ. ಟರ್ಮಿನಲ್‌ನಿಂದ ಓಡಿಸಿದರೆ ಅದು ಪರದೆಯ ಮೇಲೆ ಉಳಿಯುತ್ತದೆ. ಟ್ರೇಸ್‌ಬ್ಯಾಕ್ ಎಂದು ಆರಂಭವಾಗುವ ಸಾಲುಗಳ ರಾಶಿ ಬಂತು: ಯಾವ ಕಡತ, ಎಷ್ಟನೆಯ ಸಾಲು, ಅಲ್ಲಿಂದ ಯಾವ ಕಡತಕ್ಕೆ. ಹೊಸಬರು ಮೊದಲ ಸಾಲಿನಿಂದ ಓದಲು ಹೊರಟು ಸುಸ್ತಾಗುತ್ತಾರೆ. ಪೈಥಾನ್‌ನ ಟ್ರೇಸ್‌ಬ್ಯಾಕನ್ನು ಕೆಳಗಿನಿಂದ ಓದಬೇಕು, ಕಾರಣ ಇರುವುದು ಕೊನೆಯ ಸಾಲಿನಲ್ಲಿ. ಇಲ್ಲಿ ಕೊನೆಯ ಸಾಲು ಹೇಳಿದ್ದು ‘ಜಿಐ’ ಎಂಬ ಹೆಸರಿನ ಮಾಡ್ಯೂಲ್ ಇಲ್ಲ ಎಂದು.

ಜಿಐ ಎಂಬುದು ಪೈಥಾನ್ ಮತ್ತು ಜಿಟಿಕೆ ನಡುವಿನ ಸೇತುವೆ. ಅದಿಲ್ಲದೆ ಪೈಥಾನ್ ಒಂದು ಗುಂಡಿಯನ್ನೂ ಬಿಡಿಸಲಾರದು. ಅದು ಯಂತ್ರದಲ್ಲಿ ಇತ್ತು. ಆದರೆ ಅದನ್ನು ಕಟ್ಟಿದ್ದು ಉಬುಂಟು ತಾನೇ ತಂದ ಪೈಥಾನ್‌ಗಾಗಿ. ಯಂತ್ರದಲ್ಲಿ ಪೈಥಾನ್3 ಎಂಬ ಹೆಸರು ಬೇರೊಂದು ಹೊಸ ಪೈಥಾನ್ ಕಡೆಗೆ ಬೆರಳು ತೋರಿಸುತ್ತಿತ್ತು. ಯಾರೋ ವಿದ್ಯಾರ್ಥಿ ಕೋರ್ಸಿನ ಪ್ರಾಜೆಕ್ಟ್‌ಗೆಂದು ಹೊಸ ಪೈಥಾನ್ ಹಾಕಿ, ಹಳೆಯ ಕೊಂಡಿಯನ್ನು ಬದಲಾಯಿಸಿದ್ದ. ಲಿನಕ್ಸ್ ಜಗತ್ತಿನಲ್ಲಿ ಇದು ಬಹಳ ಸಾಮಾನ್ಯ. ಫೈರ್‌ವಾಲ್‌ಡಿ ಕುಟುಂಬದಲ್ಲೂ ಇದೇ ತೊಂದರೆ ಇದೇ ಮಾತಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ‘ಫೈರ್‌ವಾಲ್ ಎಂಬ ಮಾಡ್ಯೂಲ್ ಇಲ್ಲ’ ಎಂಬ ಸಾಲೂ ಬರುವುದುಂಟು. ಮದ್ದು ಚಿಕ್ಕದು: ಕೊಂಡಿಯನ್ನು ಉಬುಂಟುವಿನ ಮೂಲ ಪೈಥಾನ್ ಕಡೆಗೇ ತಿರುಗಿಸುವುದು. ಹೊಸ ಪೈಥಾನ್ ಬೇಕಾದವರು ಅದನ್ನು ತಮ್ಮ ಪ್ರಾಜೆಕ್ಟಿನೊಳಗೆ ಪ್ರತ್ಯೇಕ ಪರಿಸರದಲ್ಲಿ ಇಟ್ಟುಕೊಳ್ಳಬೇಕು. ವ್ಯವಸ್ಥೆಯ ಪೈಥಾನ್ ನಮ್ಮದಲ್ಲ, ಅದು ವ್ಯವಸ್ಥೆಯದು. ಅದನ್ನು ಮುಟ್ಟಿದರೆ ಫೈರ್‌ವಾಲ್ ಕಿಟಕಿ ಮಾತ್ರವಲ್ಲ, ಪ್ಯಾಕೇಜ್ ಹಾಕುವ ಸಾಧನಗಳೂ ಒಂದೊಂದಾಗಿ ಮುಗ್ಗರಿಸುತ್ತವೆ.

ಯಾರೂ ಕೈಹಾಕದಿದ್ದರೂ ಪೈಥಾನ್ ಬದಲಾವಣೆಯೇ ಹಳೆಯ ಪ್ರೋಗ್ರಾಂಗಳನ್ನು ಕೆಡವಬಲ್ಲದು. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಅದಕ್ಕಾಗಿ ಬರೆದವು ಮತ್ತೆ ಬರೆಯದ ಹೊರತು ಸತ್ತಂತೆಯೇ. 3.10ರಲ್ಲಿ ಕಲೆಕ್ಷನ್ಸ್ ಎಂಬ ಮಾಡ್ಯೂಲಿನ ಕೆಲವು ಹಳೆಯ ಹೆಸರುಗಳನ್ನು ತೆಗೆದರು. 2023ರ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಎಂಬ ಹಳೆಯ ಭಾಗವನ್ನೇ ಕಿತ್ತರು. ಉಬುಂಟು 24.04ರಲ್ಲಿರುವುದು ಇದೇ 3.12. ನಿಮ್ಮ ಸಾಧನವನ್ನು ಯಾರೂ ನೋಡಿಕೊಳ್ಳದಿದ್ದರೆ ಒಂದಲ್ಲ ಒಂದು ಅಪ್‌ಗ್ರೇಡ್‌ನಲ್ಲಿ ಅದು ಬೀಳಲೇಬೇಕು. ಒಂದು ಕಾಲದಲ್ಲಿ ಎಲ್ಲರೂ ಬಳಸುತ್ತಿದ್ದ ಫೈರ್‌ಸ್ಟಾರ್ಟರ್ ಎಂಬ ಸಾಧನದ ಕೊನೆಯ ಸ್ಥಿರ ಆವೃತ್ತಿ ಬಂದದ್ದು 2005ರಲ್ಲಿ. ಇಂಥದ್ದನ್ನು ರಿಪೇರಿ ಮಾಡುತ್ತ ಕೂರುವುದಕ್ಕಿಂತ ಬಿಟ್ಟುಬಿಡುವುದೇ ಸರಿ.

ಎರಡನೆಯ ಹುಟ್ಟೂರು ವೇಲ್ಯಾಂಡ್. ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ಒಂದೇ ಪರದೆಯ ಮೇಲಿನ ಪ್ರೋಗ್ರಾಂಗಳು ಒಂದರ ಕೀಲಿ ಒತ್ತುವಿಕೆಯನ್ನು ಇನ್ನೊಂದು ಕದ್ದು ನೋಡಬಹುದಿತ್ತು. ವೇಲ್ಯಾಂಡ್ ಅದನ್ನು ತಡೆಯುತ್ತದೆ. ಇಡೀ ಕಿಟಕಿಯನ್ನು ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಸರ್ವಾಧಿಕಾರಿಯ ಹೆಸರಿನಲ್ಲಿ, ಓಡಿಸುವ ಹಳೆಯ ಪದ್ಧತಿಗೆ ಅಲ್ಲಿ ಜಾಗ ಸುಲಭವಾಗಿ ಸಿಗುವುದಿಲ್ಲ. ಪರದೆಯ ಯಜಮಾನ ನೀವು, ಬಂದವನು ರೂಟ್, ಪರಿಚಯಪತ್ರ ಇಲ್ಲ. ‘ಡಿಸ್‌ಪ್ಲೇ ತೆರೆಯಲಾಗಲಿಲ್ಲ’ ಎಂಬ ಸಾಲು ಬಂದರೆ ತೊಂದರೆ ಇಲ್ಲಿಯದು. ಲಾಗಿನ್ ಪರದೆಯ ಮೂಲೆಯ ಗಾಲಿಯ ಚಿತ್ರ ಒತ್ತಿ ಎಕ್ಸ್‌ಆರ್ಗ್ ಎಂದಿರುವ ಆಯ್ಕೆ ಇದ್ದರೆ ಅದರಲ್ಲಿ ಒಳಹೊಕ್ಕು ನೋಡಿ. ಅಲ್ಲಿ ತೆರೆದುಕೊಂಡರೆ ರೋಗ ಯಾವುದೆಂದು ಗೊತ್ತಾಯಿತು. ಈ ವಿಷಯದಲ್ಲಿ ಫೈರ್‌ವಾಲ್ ಕಾನ್ಫಿಗ್ ಸಾಧನದ ವಿನ್ಯಾಸ ನನಗೆ ಹೆಚ್ಚು ಮೆಚ್ಚುಗೆ. ಅಲ್ಲಿ ಕಿಟಕಿ ಸಾಮಾನ್ಯ ಬಳಕೆದಾರನ ಅಧಿಕಾರದಲ್ಲೇ ಓಡುತ್ತದೆ. ರೂಟ್ ಅಧಿಕಾರ ಇರುವುದು ಹಿನ್ನೆಲೆಯ ಸೇವೆಗೆ ಮಾತ್ರ. ಎರಡೂ ಡಿ-ಬಸ್ ಎಂಬ ಸಂದೇಶ ಮಾರ್ಗದಲ್ಲಿ ಮಾತಾಡಿಕೊಳ್ಳುತ್ತವೆ. ಸಾವಿರಾರು ಸಾಲುಗಳ ಚಿತ್ರ ಬಿಡಿಸುವ ಕೋಡಿಗೆ ರೂಟ್ ಅಧಿಕಾರ ಏಕೆ ಬೇಕು?

ಪಾಸ್‌ವರ್ಡ್ ಕೇಳುವ ಪದರದ್ದೂ ಒಂದು ಕಥೆಯಿದೆ. ಜಿಯುಎಫ್‌ಡಬ್ಲ್ಯು ರೂಟ್ ಅಧಿಕಾರ ಪಡೆಯುವುದು ಪಿಕೆಎಕ್ಸೆಕ್ ಎಂಬ ಪುಟ್ಟ ಆದೇಶದಿಂದ. 2022ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆಯ ಸಂಶೋಧಕರು ಅದರಲ್ಲೊಂದು ಭಾರೀ ದೋಷ ಬಹಿರಂಗಪಡಿಸಿದರು, 2009ರಲ್ಲಿ ಅದು ಹುಟ್ಟಿದಂದಿನಿಂದಲೂ ಇದ್ದ ದೋಷ. ಯಾವ ಸಾಮಾನ್ಯ ಬಳಕೆದಾರನೂ ಅದರಿಂದ ರೂಟ್ ಆಗಬಹುದಿತ್ತು. ಪ್ಯಾಚ್ ಸಿಗುವವರೆಗೆ ಪಿಕೆಎಕ್ಸೆಕ್‌ನ ವಿಶೇಷ ಅನುಮತಿಯನ್ನು ತೆಗೆದುಹಾಕಿ ಎಂಬ ತಾತ್ಕಾಲಿಕ ಸಲಹೆ ಹರಡಿತು, ಸರಿಯಾದ ಸಲಹೆಯೇ. ಪ್ಯಾಚ್ ಬಂದ ಮೇಲೂ ಅನುಮತಿಯನ್ನು ಮರಳಿ ಕೊಡದಿದ್ದ ಯಂತ್ರದಲ್ಲಿ ಫೈರ್‌ವಾಲ್ ಕಿಟಕಿ ತೆರೆಯುವುದಿಲ್ಲ. ‘ಪಿಕೆಎಕ್ಸೆಕ್ ಸೆಟ್‌ಯುಐಡಿ ರೂಟ್ ಆಗಿರಬೇಕು’ ಎಂಬ ಸಾಲು ಟರ್ಮಿನಲ್‌ನಲ್ಲಿ ಬಂದರೆ ಇದೇ. ಪ್ಯಾಕೇಜನ್ನು ಹೊಸದಾಗಿ ಹಾಕಿದರೆ ಅನುಮತಿ ಮರಳುತ್ತದೆ, ಪ್ಯಾಚೂ ಬರುತ್ತದೆ.

ಈಗ ಕೆಳಪದರಕ್ಕೆ ಬರೋಣ. ಇಲ್ಲಿ ತೊಂದರೆ ಕಡಿಮೆ, ಬಂದರೆ ಗಂಭೀರ. ಎನ್‌ಎಫ್‌ಟೇಬಲ್ಸ್‌ಗೆ ಬದಲಾದ ಮೇಲೆ ಐಪಿಟೇಬಲ್ಸ್ ಎಂಬ ಆದೇಶ ಹೆಸರು ಉಳಿಸಿಕೊಂಡು ಒಳಗೆ ಹೊಸ ಸೋಸುವ ಯಂತ್ರಕ್ಕೆ ನಿಯಮ ಬರೆಯುತ್ತದೆ. ಅಪ್‌ಗ್ರೇಡ್ ಮುಗಿದು ಇನ್ನೂ ರೀಬೂಟ್ ಆಗಿಲ್ಲ ಎನ್ನಿ. ಹಳೆಯ ಯಂತ್ರದಲ್ಲಿ ಹಳೆಯ ನಿಯಮಗಳು ಕೂತಿವೆ, ಹೊಸದರಲ್ಲಿ ಹೊಸವು. ಪ್ಯಾಕೆಟ್ ಎರಡನ್ನೂ ದಾಟಬೇಕು. ಹೊಸ ಸಾಧನದಲ್ಲಿ ಪೋರ್ಟ್ ತೆರೆದರೂ ಹಳೆಯದು ತಡೆದು ನಿಲ್ಲಿಸುತ್ತದೆ, ಬಳಕೆದಾರನಿಗೆ ತಲೆಬುಡ ಅರ್ಥವಾಗುವುದಿಲ್ಲ. ನಿಯಮಗಳ ಪಟ್ಟಿ ಕೇಳಿದಾಗ ‘ಲೆಗಸಿ ಟೇಬಲ್‌ಗಳೂ ಇವೆ’ ಎಂಬ ಎಚ್ಚರಿಕೆ ಬರುವುದು ಇದರ ಸುಳಿವು. ಒಮ್ಮೆ ರೀಬೂಟ್ ಮಾಡಿದರೆ ಹಳೆಯದು ಕಳಚುತ್ತದೆ. ‘ಫಿಲ್ಟರ್ ಟೇಬಲ್ ಇಲ್ಲ, ಬಹುಶಃ ನಿಮ್ಮ ಕರ್ನಲ್ ಅಪ್‌ಗ್ರೇಡ್ ಆಗಬೇಕು’ ಎಂಬ ಸಾಲಿಗೂ ಬಹಳ ಸಲ ಇಷ್ಟೇ ಮದ್ದು. ಓಡುತ್ತಿರುವುದು ಹಳೆಯ ಕರ್ನಲ್, ಡಿಸ್ಕಿನಲ್ಲಿರುವ ಮಾಡ್ಯೂಲ್‌ಗಳು ಹೊಸ ಕರ್ನಲ್‌ನವು.

ಕರಾವಳಿಯವರಿಗೆ ಇನ್ನೊಂದು ಕಾರಣವನ್ನು ಬೇರೆಯಾಗಿ ಹೇಳಬೇಕು. ಜೂನ್ ತಿಂಗಳ ಗುಡುಗು ಮಳೆಯ ಸಂಜೆ ಅಪ್‌ಗ್ರೇಡ್‌ಗೆ ಕೂತು, ನಡುವೆ ಕರೆಂಟ್ ಹೋದರೆ ಅರ್ಧ ಪ್ಯಾಕೇಜ್‌ಗಳು ಹೊಸವು, ಅರ್ಧ ಹಳೆಯವು. ಬಿಚ್ಚಿದ್ದು ಬಿಚ್ಚಿದಂತೆ, ಜೋಡಿಸಿದ್ದು ಜೋಡಿಸಿದಂತೆ. ಇಂಥ ಯಂತ್ರದಲ್ಲಿ ಕ್ರ್ಯಾಶ್ ಆಗುವ ಸಾಧನವನ್ನು ಹುಡುಕುವುದೇ ವ್ಯರ್ಥ, ಮೊದಲು ಸುಡೊ ಡಿಪಿಕೆಜಿ ಕಾನ್ಫಿಗರ್ ಆದೇಶಕ್ಕೆ ಎಲ್ಲವನ್ನೂ ಎಂಬ ಆಯ್ಕೆ ಸೇರಿಸಿ ನಿಂತ ಕೆಲಸವನ್ನು ಪೂರ್ತಿ ಮಾಡಿಸಬೇಕು. ಪ್ಯಾಕೇಜ್ ವ್ಯವಸ್ಥೆಯೇ ಆ ಆದೇಶವನ್ನು ಅಕ್ಷರಶಃ ಬರೆದು ತೋರಿಸುತ್ತದೆ, ನೋಡಿ ಟೈಪ್ ಮಾಡಿದರಾಯಿತು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪನ್ನು ಮಳೆಗಾಲದಲ್ಲಿ ದೊಡ್ಡ ಅಪ್‌ಗ್ರೇಡ್‌ಗೆ ಒಡ್ಡಲೇಬೇಡಿ.

ಅಪ್‌ಗ್ರೇಡ್ ನಡುವೆ ಬರುವ ಒಂದು ಪ್ರಶ್ನೆಯನ್ನೂ ಅವಸರದಲ್ಲಿ ದಾಟಬಾರದು. ನೀವು ತಿದ್ದಿದ ಸೆಟ್ಟಿಂಗ್ ಕಡತ ಇದೆ, ಹೊಸ ಆವೃತ್ತಿಯದೂ ಇದೆ, ಯಾವುದು ಬೇಕು ಎಂದು ಪ್ಯಾಕೇಜ್ ವ್ಯವಸ್ಥೆ ಕೇಳುತ್ತದೆ. ಹಳೆಯದೇ ಇರಲಿ ಎಂದರೆ ಹೊಸದನ್ನು ಪಕ್ಕದಲ್ಲಿ ಬೇರೆ ಬಾಲದ ಹೆಸರಿನಲ್ಲಿ ಇಟ್ಟಿರುತ್ತದೆ. ಹೊಸದಾಗಲಿ ಎಂದರೆ ಹಳೆಯದನ್ನು ಉಳಿಸಿರುತ್ತದೆ. ಕ್ರ್ಯಾಶ್ ಆದ ಮೇಲೆ ಆ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎಷ್ಟೋ ಸಲ ಕಾರಣ ಅಲ್ಲೇ ಸಿಗುತ್ತದೆ. ನಿಯಮಗಳೆಲ್ಲ ಇರುವುದು ಇಟಿಸಿ ಫೋಲ್ಡರಿನೊಳಗಿನ ಯುಎಫ್‌ಡಬ್ಲ್ಯು ಫೋಲ್ಡರಿನಲ್ಲಿ. ಕಿಟಕಿಯ ಪ್ರೊಫೈಲ್‌ಗಳು ಇರುವುದು ಪಕ್ಕದ ಜಿಯುಎಫ್‌ಡಬ್ಲ್ಯು ಫೋಲ್ಡರಿನಲ್ಲಿ. ಎರಡನೆಯದನ್ನು ಬೇರೆ ಹೆಸರಿಟ್ಟು ಸರಿಸಿ ಪ್ಯಾಕೇಜನ್ನು ಮತ್ತೆ ಹಾಕಿ ನೋಡಬಹುದು. ಆಗ ಸಾಧನ ತೆರೆದರೆ ಕೆಟ್ಟಿದ್ದು ಪ್ರೊಫೈಲ್ ಕಡತ. ಮೊದಲನೆಯದನ್ನು ಪ್ರತಿ ತೆಗೆದಿಡದೆ ಮುಟ್ಟಬೇಡಿ, ನಿಮ್ಮ ನಿಯಮಗಳು ಅವೇ.

ಕನ್ನಡದಲ್ಲಿ ಕಂಪ್ಯೂಟರ್ ಬಳಸುವವರಿಗೆ ಒಂದು ಪರೀಕ್ಷೆ ವಿಶೇಷವಾಗಿ ಉಪಯೋಗಕ್ಕೆ ಬರುತ್ತದೆ. ಪ್ರೋಗ್ರಾಂಗಳ ಸಂದೇಶಗಳನ್ನು ಅನುವಾದಿಸುವಾಗ ನಡುವೆ ಸಂಖ್ಯೆ ಅಥವಾ ಹೆಸರು ಕೂರಬೇಕಾದ ಜಾಗಕ್ಕೆ ಒಂದು ಗುರುತು ಇರುತ್ತದೆ. ಅನುವಾದದಲ್ಲಿ ಅದು ಬಿಟ್ಟುಹೋದರೆ ಅಥವಾ ಕೆಟ್ಟರೆ ಆ ಭಾಷೆಯಲ್ಲಿ ಮಾತ್ರ ಪ್ರೋಗ್ರಾಂ ಕ್ರ್ಯಾಶ್ ಆಗುತ್ತದೆ. ಇಂಗ್ಲಿಷಿನವರಿಗೆ ಏನೂ ಗೊತ್ತೇ ಆಗುವುದಿಲ್ಲ. ಒಂದು ಪ್ರೋಗ್ರಾಂ ಇನ್ನೊಂದರ ಮಾತನ್ನು ಪಠ್ಯವಾಗಿ ಓದಿ ಅರ್ಥ ಮಾಡಿಕೊಳ್ಳುವ ಕಡೆಯೂ ಇದೇ ಅಪಾಯ: ಇಂಗ್ಲಿಷಿನ ಪದ ನಿರೀಕ್ಷಿಸಿದ ಕಡೆ ಬೇರೆ ಭಾಷೆಯ ಪದ ಬಂದರೆ ಲೆಕ್ಕ ತಪ್ಪುತ್ತದೆ. ಆದೇಶದ ಮುಂದೆ ಎಲ್‌ಸಿ ಆಲ್ ಎಂಬುದಕ್ಕೆ ಸಿ ಎಂಬ ಬೆಲೆ ಕೊಟ್ಟು ಓಡಿಸಿದರೆ ಪ್ರೋಗ್ರಾಂ ಆ ಒಂದು ಸಲಕ್ಕೆ ಮೂಲ ಇಂಗ್ಲಿಷಿನಲ್ಲಿ ಓಡುತ್ತದೆ. ಹಾಗೆ ಸರಿಯಾಗಿ ಓಡಿ, ಕನ್ನಡದಲ್ಲಿ ಮಾತ್ರ ಬಿದ್ದರೆ ಆ ದೋಷವನ್ನು ಕನ್ನಡಿಗರಲ್ಲದೆ ಬೇರೆ ಯಾರೂ ಹಿಡಿಯಲಾರರು. ದಯವಿಟ್ಟು ಭಾಷೆಯನ್ನು ಇಂಗ್ಲಿಷಿಗೆ ಬದಲಾಯಿಸಿ ಸುಮ್ಮನಾಗಬೇಡಿ, ವರದಿ ಮಾಡಿ.

ಕಿಟಕಿ ಬಿದ್ದರೂ ಗೋಡೆ ನಿಂತಿರುತ್ತದೆ ಎಂಬ ಮಾತಿಗೆ ಒಂದು ಅಪವಾದವಿದೆ, ಅದನ್ನು ಮುಚ್ಚಿಡಬಾರದು. ಕರ್ನಲ್ ಕೈಯಲ್ಲಿರುವ ನಿಯಮಗಳು ಮೆಮೊರಿಯಲ್ಲಿ ಇರುವವು, ರೀಬೂಟ್ ಆದರೆ ಅಳಿಸಿಹೋಗುತ್ತವೆ. ಯುಎಫ್‌ಡಬ್ಲ್ಯುನಲ್ಲಿ ಯಂತ್ರ ಏಳುವಾಗ ನಿಯಮಗಳನ್ನು ಮತ್ತೆ ತುಂಬುವುದು ಒಂದು ಶೆಲ್ ಸ್ಕ್ರಿಪ್ಟ್. ಅದಕ್ಕೆ ಪೈಥಾನ್ ಬೇಕಿಲ್ಲ. ಹಾಗಾಗಿ ಪೈಥಾನ್ ಕೆಟ್ಟ ಕಂಕನಾಡಿಯ ಆ ಯಂತ್ರ ಎಷ್ಟು ಸಲ ರೀಬೂಟ್ ಆಗಿದ್ದರೂ ಗೋಡೆ ಮತ್ತೆ ಎದ್ದು ನಿಲ್ಲುತ್ತಿತ್ತು. ಫೈರ್‌ವಾಲ್‌ಡಿ ಹಾಗಲ್ಲ. ಅದರ ಹಿನ್ನೆಲೆ ಸೇವೆಯೇ ಪೈಥಾನ್‌ನಲ್ಲಿ ಬರೆದದ್ದು. ಯಂತ್ರ ಏಳುವಾಗ ಆ ಸೇವೆ ಏಳದಿದ್ದರೆ ನಿಯಮಗಳೇ ಇಲ್ಲದ ಬರಿಗೈ ಕರ್ನಲ್ ಜಾಲದ ಮುಂದೆ ನಿಂತಿರುತ್ತದೆ, ಎಲ್ಲ ಪೋರ್ಟ್‌ಗಳೂ ತೆರೆದಂತೆ. ಅದಕ್ಕೇ ರೀಬೂಟ್ ಆದ ಮೇಲೆ ಮತ್ತೊಮ್ಮೆ ಕರ್ನಲ್ಲನ್ನೇ ಕೇಳಿ ನೋಡಬೇಕು. ಮತ್ತೊಂದು ಮಾತು: ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯು ಜೊತೆಗೇ ಬಂದರೂ ಆರಂಭದಲ್ಲಿ ಆಫ್ ಆಗಿರುತ್ತದೆ. ಕ್ರ್ಯಾಶ್ ಆದದ್ದರಿಂದ ಫೈರ್‌ವಾಲ್ ಹೋಯಿತು ಎಂದುಕೊಂಡವರ ಪೈಕಿ ಕೆಲವರ ಯಂತ್ರದಲ್ಲಿ ಅದು ಎಂದೂ ಆನ್ ಆಗಿರುವುದೇ ಇಲ್ಲ.

ಮನೆಯ ರೌಟರ್ ಇದೆಯಲ್ಲ, ಅದೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಹಳೆಯ ಐಪಿವಿ4 ವಿಳಾಸದ ಮಟ್ಟಿಗೆ ರೌಟರ್ ಒಂದು ಮರೆ ಒದಗಿಸುತ್ತದೆ, ನಿಜ. ಆದರೆ ಭಾರತ ಐಪಿವಿ6 ಬಳಕೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿದೆ. ಅಲ್ಲಿ ನಿಮ್ಮ ಯಂತ್ರಕ್ಕೇ ಜಗತ್ತಿಗೆ ಕಾಣುವ ವಿಳಾಸ ಸಿಗಬಹುದು. ಹಾಸ್ಟೆಲ್ಲಿನ ಅಥವಾ ಆಸ್ಪತ್ರೆ ಪಕ್ಕದ ಕಾಫಿ ಅಂಗಡಿಯ ವೈಫೈನಲ್ಲಿ ಪಕ್ಕದ ಮೇಜಿನವರೂ ಅದೇ ಜಾಲದಲ್ಲಿದ್ದಾರೆ, ರೌಟರ್ ಅವರಿಂದ ನಿಮ್ಮನ್ನು ಕಾಯುತ್ತದೆ ಎಂಬ ಖಾತ್ರಿಯಿಲ್ಲ. ಹೊರಗಿನಿಂದ ನಿಮ್ಮ ಯಂತ್ರ ಹೇಗೆ ಕಾಣುತ್ತದೆ ಎಂದು ತಿಳಿಯಲು ಮನೆಯ ಇನ್ನೊಂದು ಯಂತ್ರದಿಂದ ತೆರೆದ ಪೋರ್ಟ್‌ಗಳನ್ನು ಹುಡುಕುವ ಎನ್‌ಮ್ಯಾಪ್ ಓಡಿಸಿ ನೋಡಿ. ನಿಮ್ಮದೇ ಯಂತ್ರದ ಮೇಲೆ ಮಾತ್ರ. ಇನ್ನೊಬ್ಬರ ಯಂತ್ರವನ್ನು ಅನುಮತಿಯಿಲ್ಲದೆ ಹಾಗೆ ತಡಕುವುದು ಸಲ್ಲದು.

ದೂರದ ಸರ್ವರನ್ನು ಎಸ್‌ಎಸ್‌ಎಚ್ ಮೂಲಕ ನೋಡಿಕೊಳ್ಳುವವರಿಗೆ ಒಂದೇ ಎಚ್ಚರಿಕೆ. ಕ್ರ್ಯಾಶ್ ಸರಿಪಡಿಸುವ ಭರದಲ್ಲಿ ಯುಎಫ್‌ಡಬ್ಲ್ಯುವನ್ನು ರೀಸೆಟ್ ಮಾಡಿ ಮತ್ತೆ ಆನ್ ಮಾಡುವ ಮುನ್ನ 22ಕ್ಕೆ ಅನುಮತಿ ಕೊಟ್ಟಿದ್ದೀರಾ ನೋಡಿ. ಕೊಡದಿದ್ದರೆ ಮುಂದಿನ ಸಲ ಒಳಹೋಗಲು ಕಾರು ಹತ್ತಿ ಸರ್ವರ್ ಇರುವಲ್ಲಿಗೇ ಹೋಗಬೇಕಾಗುತ್ತದೆ.

ಕೊನೆಯದಾಗಿ, ಸಿಕ್ಕ ಟ್ರೇಸ್‌ಬ್ಯಾಕನ್ನು ಎಸೆಯಬೇಡಿ. ಈ ಸಾಧನಗಳನ್ನು ಬರೆದವರಲ್ಲಿ ಹಲವರು ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ದುಡಿಯುವವರು. ‘ಓಪನ್ ಆಗುತ್ತಿಲ್ಲ’ ಎಂಬ ದೂರಿನಿಂದ ಅವರು ಏನನ್ನೂ ಮಾಡಲಾರರು. ಯಾವ ಆವೃತ್ತಿಯಿಂದ ಯಾವುದಕ್ಕೆ ಏರಿಸಿದಿರಿ, ವೇಲ್ಯಾಂಡೋ ಎಕ್ಸೋ, ಪೈಥಾನ್ ಯಾವುದು, ಕೊನೆಯ ಸಾಲು ಏನು ಎಂಬ ನಾಲ್ಕು ಸಂಗತಿ ಬರೆದರೆ ಅದು ಅವರಿಗೆ ದೊಡ್ಡ ಸಹಾಯ. ಅಪ್‌ಗ್ರೇಡ್ ದಿನ ಯಾವ ಪ್ಯಾಕೇಜ್‌ಗಳು ಬದಲಾದವು ಎಂಬುದು ವಾರ್ ಫೋಲ್ಡರಿನೊಳಗಿನ ಲಾಗ್, ಅದರೊಳಗಿನ ಎಪಿಟಿ ಫೋಲ್ಡರಿನ ಹಿಸ್ಟರಿ ಕಡತದಲ್ಲಿ ದಿನಾಂಕ ಸಮೇತ ಇರುತ್ತದೆ. ಅದನ್ನೂ ಲಗತ್ತಿಸಿ.

ಉಬುಂಟು 22.04ರ ಉಚಿತ ಸಾಮಾನ್ಯ ಬೆಂಬಲ 2027ರಲ್ಲಿ ಮುಗಿಯುತ್ತದೆ. ಅದನ್ನು ಬಳಸುತ್ತಿರುವ ಅಂಗಡಿ, ಶಾಲೆ, ಮನೆಗಳೆಲ್ಲ ಇನ್ನೊಂದು ದೊಡ್ಡ ಅಪ್‌ಗ್ರೇಡ್ ಮಾಡಲೇಬೇಕು. ಅದಕ್ಕೆ ಮುನ್ನ ಇಟಿಸಿಯೊಳಗಿನ ಯುಎಫ್‌ಡಬ್ಲ್ಯು ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ, ಎನ್‌ಎಫ್‌ಟಿ ತೋರಿಸುವ ನಿಯಮಗಳ ಪಟ್ಟಿಯನ್ನೂ ಒಂದು ಕಡತಕ್ಕೆ ಬರೆಸಿ ಅದರ ಜೊತೆಗಿಡಿ. ಎರಡೂ ಸೇರಿ ಐದು ನಿಮಿಷದ ಕೆಲಸ.